ಹೈನುಗಾರಿಕೆಯಲ್ಲಿ ಗುರಿ ಇಡುವುದು ಹೇಗೆ? ಬಿಡದೆ ನಡೆಸುವುದು ಹೇಗೆ?



ಯುಗಾದಿ ಬಂತೆಂದರೆ ನಾವೆಲ್ಲರೂ ಏನಾದರೊಂದು ನಿಶ್ಚಯ ಮಾಡುತ್ತೇವೆ. ಈ ವರ್ಷ ಸಾಲ ತೀರಿಸಬೇಕು, ಕೊಟ್ಟಿಗೆಗೆ ಕಲ್ಲು ಹಾಸಬೇಕು, ಇನ್ನೊಂದು ಹಸು ತರಬೇಕು, ಸಂಘಕ್ಕೆ ಹಾಕುವ ಹಾಲು ಎರಡರಷ್ಟಾಗಬೇಕು. ಬೇವು ಬೆಲ್ಲ ತಿಂದ ಬಾಯಿ ಒಣಗುವ ಮೊದಲೇ ಇವುಗಳಲ್ಲಿ ಅರ್ಧ ಮರೆತುಹೋಗುತ್ತವೆ. ಉಳಿದರ್ಧ ಆಷಾಢದ ಗಾಳಿಗೆ ಹಾರಿಹೋಗುತ್ತವೆ. ಮುಂದಿನ ಯುಗಾದಿಗೆ ಮತ್ತೆ ಅದೇ ನಿಶ್ಚಯ. ಇದಕ್ಕೆ ನಮ್ಮ ಸೋಮಾರಿತನವೇ ಕಾರಣವೆಂದು ಹೇಳುವವರುಂಟು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಮಳೆಯಾಗಲಿ ಚಳಿಯಾಗಲಿ ಸಂಘದ ಬಾಗಿಲಿಗೆ ಕ್ಯಾನು ತರುವ ಜನರನ್ನು ಸೋಮಾರಿಗಳೆಂದು ನಾನಂತೂ ಕರೆಯಲಾರೆ. ತಪ್ಪು ಇರುವುದು ಗುರಿ ಇಡುವ ರೀತಿಯಲ್ಲಿ. ಈ ಲೇಖನದಲ್ಲಿ ಅದನ್ನು ವಿಚಾರ ಮಾಡೋಣ.

ಒಂದು ಪ್ರಶ್ನೆ

2008ರಲ್ಲಿ ಒಂದು ಹಳ್ಳಿಯ ಸಂಘದಲ್ಲಿ ನಾನು ತರಬೇತಿ ಶಿಬಿರ ನಡೆಸಿದೆ. ಆಗ ನಾನು ಸೇವೆಗೆ ಹೊಸಬ, ಉತ್ಸಾಹ ಬಹಳ. ಸೇರಿದ್ದ ಮೂವತ್ತಕ್ಕೂ ಹೆಚ್ಚು ಸದಸ್ಯರಿಂದ ಕೈ ಎತ್ತಿಸಿ, “ಮುಂದಿನ ವರ್ಷಕ್ಕೆ ಮನೆಗೆ ದಿನಕ್ಕೆ 20 ಲೀಟರ್ ಹಾಲು” ಎಂದು ಎಲ್ಲರ ಪುಸ್ತಕದಲ್ಲೂ ಬರೆಸಿದೆ. ಚಪ್ಪಾಳೆಯೂ ಬಿತ್ತು. ಶಿಬಿರ ಮುಗಿದು ಜೀಪಿನ ಬಳಿಗೆ ಬಂದಾಗ ವಯಸ್ಸಾದ ಸದಸ್ಯರೊಬ್ಬರು ಹಿಂದೆಯೇ ಬಂದು ಕೇಳಿದರು: “ಡಾಕ್ಟ್ರೇ, ಇಪ್ಪತ್ತು ಲೀಟರು ಅಂತ ಬರೆಸಿದ್ರಿ, ಸರಿ. ನಾಳೆ ಬೆಳಿಗ್ಗೆ ಎದ್ದು ನಾನು ಏನ್ ಮಾಡ್ಬೇಕು ಅಂತ ಹೇಳ್ಲೇ ಇಲ್ವಲ್ಲ?”

ನಾನು ನಕ್ಕು, “ಚೆನ್ನಾಗಿ ಮೇವು ಹಾಕಿ ಯಜಮಾನರೇ” ಎಂದು ಹೇಳಿ ಹೊರಟುಬಿಟ್ಟೆ.

ಮರುವರ್ಷ ಅದೇ ಸಂಘಕ್ಕೆ ಹೋದಾಗ ನಾಲ್ಕೈದು ಮನೆಗಳನ್ನು ಬಿಟ್ಟರೆ ಯಾರ ಹಾಲೂ ಹೆಚ್ಚಾಗಿರಲಿಲ್ಲ. ಅಂದು ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ ಯುವಕರೊಬ್ಬರು ಸಾಲ ಮಾಡಿ ಎರಡು ಮಿಶ್ರತಳಿ ಹಸುಗಳನ್ನು ತಂದಿದ್ದರು. ಮೇವಿಗೆ ಜಾಗವಿರಲಿಲ್ಲ, ಬೇಸಿಗೆಯಲ್ಲಿ ಹುಲ್ಲು ಕೊಂಡು ಹಾಕಿ ಸೋತರು. ಎರಡೂ ಹಸುಗಳನ್ನು ತಂದದ್ದಕ್ಕಿಂತ ಕಡಿಮೆ ಬೆಲೆಗೆ ಮಾರಿದರು. ಬಾಕಿ ಸಾಲಕ್ಕೆ ಮನೆಯಲ್ಲಿ ಹುಟ್ಟಿ ಬೆಳೆದ ಹಸುವೂ ಹೋಯಿತು. ಅವರು ಸಂಘಕ್ಕೆ ಬರುವುದನ್ನೇ ಬಿಟ್ಟಿದ್ದರು. ಈಗಲೂ ದಾರಿಯಲ್ಲಿ ಎದುರಾದರೆ ಅವರು ನಮಸ್ಕಾರ ಹೇಳುತ್ತಾರೆ. ಅವರ ಪುಸ್ತಕದಲ್ಲಿ 20 ಲೀಟರ್ ಎಂದು ಬರೆಸಿದ ಕೈ ನನ್ನದು ಎಂಬುದು ನನಗೆ ಮರೆತಿಲ್ಲ.

ಆ ಯಜಮಾನರ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಸೆಗೂ ಗುರಿಗೂ ಇರುವ ವ್ಯತ್ಯಾಸ

“ಹಾಲು ಹೆಚ್ಚಾಗಬೇಕು” ಎಂಬುದು ಆಸೆ. ಆಸೆ ತಪ್ಪಲ್ಲ. ಆದರೆ ಆಸೆಯನ್ನು ಕಟ್ಟಿ ಹಾಕುವ ಗೂಟವಿಲ್ಲ. ಗುರಿ ಎನ್ನಬೇಕಾದರೆ ಅದಕ್ಕೆ ನಾಲ್ಕು ಲಕ್ಷಣಗಳಿರಬೇಕು:

1. ಅಳೆಯಲು ಬರುವಂತಿರಬೇಕು. ಲೀಟರಿನಲ್ಲಿ, ಕಿಲೋದಲ್ಲಿ ಅಥವಾ ದಿನದ ಲೆಕ್ಕದಲ್ಲಿ.
2. ನಮ್ಮ ನೆಲ, ನೀರು, ಹಣ ಮತ್ತು ಕೈಗಳಿಗೆ ನಿಲುಕುವಂತಿರಬೇಕು.
3. ಅದಕ್ಕೊಂದು ಕಾಲಮಿತಿ ಇರಬೇಕು.
4. ಅದನ್ನು ದಿನನಿತ್ಯದ ಕೆಲಸವಾಗಿ ಒಡೆಯಲು ಸಾಧ್ಯವಾಗಬೇಕು.

ನಾಲ್ಕನೆಯದೇ ಮುಖ್ಯವಾದುದು. ಏಕೆಂದರೆ ಹಾಲು ಕೊಡುವುದು ಹಸುವಿನ ಕೆಲಸ, ನಮ್ಮ ಕೈಯಲ್ಲಿಲ್ಲ. ಹೊತ್ತಿಗೆ ನೀರು, ಮೇವು, ಖನಿಜ ಮಿಶ್ರಣ ಕೊಡುವುದು, ಬೆದೆ ನೋಡುವುದು, ಕೆಚ್ಚಲು ತೊಳೆಯುವುದು ನಮ್ಮ ಕೈಯಲ್ಲಿವೆ. ಫಲದ ಮೇಲೆ ಕಣ್ಣಿಟ್ಟವರು ಹದಿನೈದು ದಿನಕ್ಕೆ ಬೇಸರ ಪಡುತ್ತಾರೆ. ಕೆಲಸದ ಮೇಲೆ ಕಣ್ಣಿಟ್ಟವರಿಗೆ ಪ್ರತಿ ಸಂಜೆಯೂ “ಇಂದಿನದು ಆಯಿತು” ಎಂಬ ಸಮಾಧಾನ ಸಿಗುತ್ತದೆ. ಆ ಸಮಾಧಾನವೇ ಮರುದಿನ ಎಬ್ಬಿಸುತ್ತದೆ.

ಮೊದಲು ಇರುವುದನ್ನು ಬರೆಯಿರಿ

ಎಲ್ಲಿಗೆ ಹೋಗಬೇಕೆಂದು ಹೇಳುವ ಮೊದಲು ಎಲ್ಲಿ ನಿಂತಿದ್ದೇವೆಂದು ತಿಳಿಯಬೇಕು. ಒಂದು ನೋಟ್ ಪುಸ್ತಕ ಕೊಂಡುಕೊಳ್ಳಿ. ಹದಿನೈದು ದಿನ ಏನನ್ನೂ ಬದಲಿಸದೆ ಈ ಕೆಳಗಿನವನ್ನು ಬರೆಯಿರಿ:

• ಪ್ರತಿ ಹಸು ಬೆಳಿಗ್ಗೆ ಮತ್ತು ಸಂಜೆ ಕೊಟ್ಟ ಹಾಲು (ಮನೆಗೆ ಮತ್ತು ಕರುವಿಗೆ ಬಿಟ್ಟದ್ದೂ ಸೇರಿ)
• ಹಾಕಿದ ಪಶು ಆಹಾರ, ಹಸಿ ಮೇವು, ಒಣ ಮೇವು
• ಹಸು ಕರು ಹಾಕಿದ ದಿನ, ಬೆದೆಗೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ
• ಔಷಧಿಗೆ ಆದ ಖರ್ಚು

ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಬಹುದು. ಸಂಘದ ಪಾಸ್ ಪುಸ್ತಕದಲ್ಲಿ ಹಾಲು, ಜಿಡ್ಡಿನಂಶ, ಹಣ ಎಲ್ಲವೂ ಇರುತ್ತದಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದರಲ್ಲಿ ಇಡೀ ಮನೆಯ ಹಾಲಿನ ಲೆಕ್ಕವಿದೆ, ಯಾವ ಹಸು ಸಾಕುತ್ತಿದೆ, ಯಾವ ಹಸುವನ್ನು ನಾವು ಸಾಕುತ್ತಿದ್ದೇವೆ ಎಂಬುದು ಅದರಿಂದ ತಿಳಿಯುವುದಿಲ್ಲ. ಈ ಹದಿನೈದು ದಿನದ ಬರಹ ಮುಗಿಯುವಷ್ಟರಲ್ಲಿ ಯಾವ ಕಡೆ ಸೋರುತ್ತಿದೆ ಎಂಬುದು ಅನೇಕರಿಗೆ ತಾನಾಗಿಯೇ ಕಾಣುತ್ತದೆ.

ಹಸುವಿನ ಮೈಗೆ ಮೀರಿದ ಗುರಿ ಬೇಡ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಸುವಿನ ವಿಷಯದಲ್ಲಿ ಹಾಸಿಗೆ ಎಂದರೆ ಅದರ ತಳಿ, ಅದರ ವಯಸ್ಸು ಮತ್ತು ಅದು ಕರು ಹಾಕಿ ಎಷ್ಟು ದಿನವಾಯಿತು ಎಂಬುದು. ದಿನಕ್ಕೆ 8 ಲೀಟರ್ ಕೊಡುವ ಹಸುವನ್ನು ಯಾವ ಹಿಂಡಿಯೂ 20 ಲೀಟರಿಗೆ ಏರಿಸಲಾರದು. ಸರಿಯಾದ ಪೋಷಣೆಯಿಂದ ಒಂದು ಲೀಟರ್ ಹೆಚ್ಚಿದರೂ 300 ದಿನದ ಕರಾವಿಗೆ 300 ಲೀಟರ್ ಆಯಿತು. ಇದು ಸಣ್ಣ ಮಾತಲ್ಲ.

ಕಾಲವನ್ನೂ ನೋಡಬೇಕು. ಕರು ಹಾಕಿದ 6ರಿಂದ 8 ವಾರಗಳಲ್ಲಿ ಹಸು ತನ್ನ ಹೆಚ್ಚಿನ ಮಟ್ಟದ ಹಾಲು ಕೊಡುತ್ತದೆ. ನಂತರ ತಿಂಗಳಿಗೆ ಶೇಕಡ 8ರಿಂದ 10ರಷ್ಟು ಇಳಿಯುವುದು ಸಹಜ. ಕರು ಹಾಕಿ ಏಳು ತಿಂಗಳಾದ ಹಸುವಿನ ಮೇಲೆ ಯುಗಾದಿಯ ದಿನ “ಹಾಲು ಹೆಚ್ಚಿಸುವ” ಗುರಿ ಇಟ್ಟರೆ ಅದು ಮೊದಲ ದಿನವೇ ಸೋತ ಗುರಿ. ಆ ಹಸುವಿಗೆ ಸರಿಯಾದ ಗುರಿ ಬೇರೆ: ಗರ್ಭ ಕಟ್ಟಿದೆಯೇ ಎಂದು ಪರೀಕ್ಷೆ ಮಾಡಿಸುವುದು, ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಬತ್ತಿಸುವುದು, ಆ ಎರಡು ತಿಂಗಳು ಚೆನ್ನಾಗಿ ಮೇಯಿಸಿ ಮುಂದಿನ ಕರಾವಿಗೆ ಸಿದ್ಧಪಡಿಸುವುದು. ಹಾಲು ಹೆಚ್ಚಿಸುವ ಕೆಲಸ ಹಾಲು ಕೊಡದಿರುವಾಗಲೇ ಆರಂಭವಾಗುತ್ತದೆ.

ತುದಿಯಿಂದ ಬುಡಕ್ಕೆ ಲೆಕ್ಕ ಹಾಕಿ

ಈಗ ಒಂದು ಗುರಿಯನ್ನು ಹಿಡಿದು ಹೇಗೆ ಒಡೆಯುವುದೆಂದು ನೋಡೋಣ. ನಿಮ್ಮ ಹಸು 18 ತಿಂಗಳಿಗೊಮ್ಮೆ ಕರು ಹಾಕುತ್ತಿದೆ ಎಂದುಕೊಳ್ಳಿ. ಅದನ್ನು 14 ತಿಂಗಳಿಗೆ ತರುವುದು ಗುರಿ. ಏಳು ವರ್ಷಗಳಲ್ಲಿ, ಅಂದರೆ 84 ತಿಂಗಳುಗಳಲ್ಲಿ, 18 ತಿಂಗಳ ಅಂತರಕ್ಕೆ ಐದು ಕರುಗಳೂ ತುಂಬುವುದಿಲ್ಲ. 14 ತಿಂಗಳ ಅಂತರಕ್ಕೆ ಆರು ಕರು, ಆರು ಕರಾವು. ಹಸು ಅದೇ, ಕೊಟ್ಟಿಗೆ ಅದೇ.

14 ತಿಂಗಳೆಂದರೆ ಸುಮಾರು 426 ದಿನ. ಹಸುವಿನ ಗರ್ಭಾವಧಿ ಸುಮಾರು 280 ದಿನ. ಇದನ್ನು ಕಳೆದರೆ ಉಳಿಯುವುದು 146 ದಿನ. ಅಂದರೆ ಕರು ಹಾಕಿದ 146 ದಿನಗಳೊಳಗೆ ಹಸು ಮತ್ತೆ ಗರ್ಭ ಕಟ್ಟಬೇಕು. ಮೊದಲ 60 ದಿನ ಗರ್ಭಕೋಶದ ವಿಶ್ರಾಂತಿಗೆ ಬಿಡಬೇಕು. ಉಳಿದದ್ದು 86 ದಿನ. ಬೆದೆ 21 ದಿನಕ್ಕೊಮ್ಮೆ ಬರುವುದರಿಂದ ನಿಮಗೆ ಸಿಗುವುದು ನಾಲ್ಕು ಅವಕಾಶ.

ನಾಲ್ಕೇ ನಾಲ್ಕು. 14 ತಿಂಗಳ ದೊಡ್ಡ ಗುರಿ ಈಗ ನಾಲ್ಕು ದಿನಗಳಿಗೆ ಇಳಿಯಿತು. ಆ ನಾಲ್ಕು ದಿನಗಳಲ್ಲಿ ಎರಡನ್ನು ಕಾಣದೆ ಕಳೆದುಕೊಂಡವರು “ಹಸು ನಿಲ್ಲುತ್ತಿಲ್ಲ” ಎಂದು ಹಸುವನ್ನು ದೂರುತ್ತಾರೆ. ಪ್ರತಿ ಬೆದೆ ತಪ್ಪಿದಾಗಲೂ 21 ದಿನದ ಮೇವು ಬರಿದೇ ಹೋದಂತೆ.

ಗುರಿಯನ್ನು ದಿನದ ಕೆಲಸಕ್ಕೆ ಕಟ್ಟಿ

ಬೆದೆಯ ಕಾಲ ಸುಮಾರು 12ರಿಂದ 18 ಗಂಟೆ ಮಾತ್ರ. ಅನೇಕ ಹಸುಗಳಲ್ಲಿ ಇದು ರಾತ್ರಿ ಅಥವಾ ಬೆಳಗಿನ ಜಾವ ಆರಂಭವಾಗುತ್ತದೆ. ಆದ್ದರಿಂದ ದಿನದ ಕೆಲಸ ಇಷ್ಟೇ: ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದ ಕೂಡಲೇ, ಸಗಣಿ ಬಾಚುವ ಮೊದಲು, ಹಸುವಿನ ಹಿಂಭಾಗ ಮತ್ತು ಮಲಗಿದ್ದ ಜಾಗವನ್ನು ನೋಡುವುದು. ರಾತ್ರಿ ಊಟವಾದ ಮೇಲೆ ಮಲಗುವ ಮೊದಲು ಇನ್ನೊಮ್ಮೆ ನೋಡುವುದು. ಸಗಣಿ ಬಾಚಿದ ಮೇಲೆ ನೋಡಿದರೆ ಲೋಳೆಯ ಗುರುತು ಅದರೊಡನೆಯೇ ತಿಪ್ಪೆಗೆ ಹೋಗಿರುತ್ತದೆ.

ನೋಡಬೇಕಾದ ಚಿಹ್ನೆಗಳು: ಕನ್ನಡಿಯಂತೆ ತಿಳಿಯಾದ ಲೋಳೆ, ಪದೇ ಪದೇ ಮೂತ್ರ, ಕೂಗುವುದು, ಹಾಲು ಕಡಿಮೆಯಾಗುವುದು, ಬೇರೆ ರಾಸುಗಳ ಮೇಲೆ ಹತ್ತುವುದು. ಎಲ್ಲಕ್ಕಿಂತ ಖಚಿತವಾದುದು ಬೇರೆ ರಾಸು ತನ್ನ ಮೇಲೆ ಹತ್ತಿದಾಗ ಸುಮ್ಮನೆ ನಿಲ್ಲುವುದು. ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಕೊಟ್ಟಿಗೆಯ ಕಂಬಕ್ಕೆ ಒಂದು ಕ್ಯಾಲೆಂಡರ್ ತೂಗುಹಾಕಿ. ಬೆದೆ ಬಂದ ದಿನಕ್ಕೆ ಒಂದು ಸುತ್ತು ಹಾಕಿ, ಅಲ್ಲಿಂದ 21ನೇ ದಿನಕ್ಕೆ ಇನ್ನೊಂದು ಸುತ್ತು ಹಾಕಿ. ಗರ್ಭಧಾರಣೆ ಮಾಡಿಸಿ ಎರಡೂವರೆ ಮೂರು ತಿಂಗಳಿಗೆ ಗರ್ಭ ಪರೀಕ್ಷೆ ತಪ್ಪದೆ ಮಾಡಿಸಿ. ಮೂರು ಬಾರಿ ಕೊಡಿಸಿದರೂ ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಮೊದಲು ಪಶುವೈದ್ಯರಿಗೆ ತೋರಿಸಿ.

ಇಲ್ಲೊಂದು ಗುಟ್ಟಿದೆ. ಹೊಸ ಕೆಲಸಕ್ಕೆ ಹೊಸ ಹೊತ್ತು ಹುಡುಕಬೇಡಿ. ನೀವು ಈಗಾಗಲೇ ತಪ್ಪದೆ ಮಾಡುವ ಕೆಲಸದ ಹಗ್ಗಕ್ಕೆ ಅದನ್ನು ಕಟ್ಟಿ. ಬಾಗಿಲು ತೆಗೆಯುವುದನ್ನು ಯಾರೂ ಮರೆಯುವುದಿಲ್ಲ, ಅದರೊಡನೆ ಬೆದೆ ನೋಡುವುದೂ ನಡೆಯುತ್ತದೆ. ಸಂಜೆಯ ಪಶು ಆಹಾರ ಕಲಸುವುದನ್ನು ಮರೆಯುವುದಿಲ್ಲ, ಆ ಬಕೆಟ್ಟಿನ ಪಕ್ಕದಲ್ಲೇ ಖನಿಜ ಮಿಶ್ರಣದ ಡಬ್ಬ ಇಟ್ಟರೆ ದಿನಕ್ಕೆ 50 ಗ್ರಾಂ ಹಾಕುವುದೂ ತಪ್ಪುವುದಿಲ್ಲ. ಡಬ್ಬ ಅಟ್ಟದ ಮೇಲಿದ್ದರೆ ಅದು ಅಲ್ಲಿಯೇ ಗಟ್ಟಿಯಾಗುತ್ತದೆ. ಹಾಲು ಕರೆದ ಕೂಡಲೇ ಗೋದಲಿಗೆ ಮೇವು ಹಾಕುವ ರೂಢಿ ಮಾಡಿಕೊಂಡರೆ ಹಸು ಅರ್ಧ ಗಂಟೆ ನಿಂತೇ ಇರುತ್ತದೆ. ಅಷ್ಟರಲ್ಲಿ ಮೊಲೆಯ ತೂತು ಮುಚ್ಚಿಕೊಳ್ಳುವುದರಿಂದ ಕೆಚ್ಚಲು ಬಾವಿನ ಭಯ ಕಡಿಮೆಯಾಗುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಒಂದು ಕರುವಿನ ಕಥೆ

ನನಗೆ ಪರಿಚಯವಿರುವ ಒಬ್ಬ ತಾಯಿ ಮಹಿಳಾ ಸಂಘದ ಸದಸ್ಯೆ. ಅವರ ಮನೆಯ ಕರುಗಳು ನಾಲ್ಕು ವರ್ಷವಾಗದೆ ಕರು ಹಾಕಿದ್ದಿಲ್ಲ. 2018ರ ಶ್ರಾವಣದಲ್ಲಿ ಒಂದು ಹೆಣ್ಣು ಕರು ಹುಟ್ಟಿತು. “ಈ ಕರು ಹಸುವಾದರೆ ಅದರ ಹಾಲಿನ ದುಡ್ಡು ಮಗಳ ಕಾಲೇಜಿಗೆ” ಎಂದು ಆಕೆ ಮನಸ್ಸಿನಲ್ಲೇ ಮೀಸಲಿಟ್ಟರು. ಮಗಳು ಆಗ ಒಂಬತ್ತನೇ ತರಗತಿ. ಮಗಳು ಕಾಲೇಜು ಸೇರುವ ಹೊತ್ತಿಗೆ ಹಾಲು ಬರಬೇಕು. ಆದ್ದರಿಂದ 30 ತಿಂಗಳಿಗೆ ಕರು ಹಾಕಿಸಬೇಕೆಂದು ನಾವಿಬ್ಬರೂ ಕುಳಿತು ಲೆಕ್ಕ ಹಾಕಿದೆವು.

30 ತಿಂಗಳಿಗೆ ಕರು ಹಾಕಬೇಕಾದರೆ 20-21ನೇ ತಿಂಗಳಿಗೆ ಗರ್ಭ ಕಟ್ಟಬೇಕು. ಗರ್ಭ ಕಟ್ಟಬೇಕಾದರೆ ಮಿಶ್ರತಳಿ ಕಡಸು ಸುಮಾರು 250 ಕಿಲೋ ತೂಗಬೇಕು. ಹುಟ್ಟಿದಾಗ ಕರು 28 ಕಿಲೋದಷ್ಟಿತ್ತು. 20 ತಿಂಗಳಲ್ಲಿ 222 ಕಿಲೋ ಹೆಚ್ಚಬೇಕು. ತಿಂಗಳಿಗೆ 11 ಕಿಲೋ.

ತಕ್ಕಡಿ ಎಲ್ಲಿಂದ ತರುವುದು? ಅದಕ್ಕೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಸಿಗುತ್ತದೆ. ಸುತ್ತಳತೆ 60 ಅಂಗುಲ, ಉದ್ದ 46 ಅಂಗುಲ ಇದ್ದರೆ ಸುಮಾರು 250 ಕಿಲೋ. ಆಕೆ ಪ್ರತಿ ಅಮಾವಾಸ್ಯೆಯ ದಿನ ಅಳೆದರು. ಅಮಾವಾಸ್ಯೆ ಮರೆತುಹೋಗುವ ದಿನವಲ್ಲವಷ್ಟೆ. ಮಗಳು ಗುಣಾಕಾರ ಮಾಡಿ ಗೋಡೆಯ ಮೇಲೆ ಬರೆದಳು. ಮೊದಲ ದಿನ ಹುಟ್ಟಿದ ಅರ್ಧ ಗಂಟೆಯೊಳಗೆ ಗಿಣ್ಣು ಹಾಲು, ಹದಿನೈದನೇ ದಿನಕ್ಕೆ ಜಂತುನಾಶಕ, ಆರು ತಿಂಗಳ ತನಕ ತಿಂಗಳಿಗೊಮ್ಮೆ ಮತ್ತೆ ಜಂತುನಾಶಕ, ಎಲ್ಲವೂ ಸರಿಯಾಗಿ ನಡೆಯಿತು. ನಾಲ್ಕರಿಂದ ಎಂಟು ತಿಂಗಳೊಳಗೆ ಹೆಣ್ಣು ಕರುಗಳಿಗೆ ಒಮ್ಮೆ ಮಾತ್ರ ಹಾಕಿಸುವ ಕಂದುರೋಗದ ಲಸಿಕೆಯೂ ಆಯಿತು.

2019ರ ಕೊನೆಗೆ ಆಕೆಯ ಯಜಮಾನರು ಹಾಸಿಗೆ ಹಿಡಿದರು. ಎರಡು ತಿಂಗಳಿಗೂ ಹೆಚ್ಚು ಕಾಲ ಆಸ್ಪತ್ರೆ ಮತ್ತು ಮನೆಯ ನಡುವೆ ಓಡಾಟ. ಕರುವಿಗೆ ಸಿಕ್ಕಿದ್ದು ಒಣ ರಾಗಿ ಹುಲ್ಲು ಮಾತ್ರ. ಗೋಡೆಯ ಮೇಲೆ ಎರಡು ಅಮಾವಾಸ್ಯೆಯ ಜಾಗ ಖಾಲಿ ಉಳಿಯಿತು. ನಾನು ಹೋದಾಗ ಆಕೆ ಹೇಳಿದ ಮಾತು: “ಎಲ್ಲಾ ಕೆಟ್ಟೋಯ್ತು ಡಾಕ್ಟ್ರೇ. ಇನ್ನು ಈ ಲೆಕ್ಕ ಯಾಕೆ?”

ನಾನು ಟೇಪು ಕೇಳಿದೆ. ಅಳೆದೆವು. ಎರಡು ತಿಂಗಳಲ್ಲಿ ಹೆಚ್ಚಿದ್ದು ನಾಲ್ಕೇ ಕಿಲೋ. “ಅಮ್ಮಾ, 18 ಕಿಲೋ ಹಿಂದೆ ಬಿದ್ದಿದ್ದೇವೆ. ಅಂದರೆ ಒಂದೂವರೆ ಎರಡು ತಿಂಗಳು ತಡ. ಕೆಟ್ಟಿರುವುದು ಇಷ್ಟೇ” ಎಂದೆ. ಖಾಲಿ ಬಿಟ್ಟ ಎರಡು ಜಾಗವನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ಆ ದಿನದ ತೂಕ ಬರೆದೆವು. ಕಡಸು ಕರು ಹಾಕಿದ್ದು 33ನೇ ತಿಂಗಳಿಗೆ, 2021ರಲ್ಲಿ. ಗುರಿಗೆ ಮೂರು ತಿಂಗಳು ತಡವಾಯಿತು. ಆದರೆ ಆ ಮನೆಯ ಹಿಂದಿನ ಕಡಸುಗಳಿಗಿಂತ ಹದಿನೈದು ತಿಂಗಳು ಬೇಗ. ಮಗಳು ಕಾಲೇಜು ಸೇರಿದಳು, ಶುಲ್ಕ ಹಾಲಿನ ಬಟವಾಡೆಯಿಂದಲೇ ಹೋಯಿತು.

ಅಂದು ಆಕೆ ಲೆಕ್ಕ ಬಿಟ್ಟಿದ್ದರೆ? ಕರು ಹೇಗೋ ಬೆಳೆಯುತ್ತಿತ್ತು. ನಾಲ್ಕು ವರ್ಷಕ್ಕೆ ಕರು ಹಾಕುತ್ತಿತ್ತು. ಅಷ್ಟರಲ್ಲಿ ಮಗಳು ಕಾಲೇಜಿನ ಆಸೆ ಬಿಟ್ಟು ಮನೆಯಲ್ಲಿರುತ್ತಿದ್ದಳು.

ತಪ್ಪಿದಾಗ ಏನು ಮಾಡಬೇಕು?

ಮದುವೆ, ಜಾತ್ರೆ, ರಾಗಿ ಕೊಯ್ಲು, ಮಕ್ಕಳ ಪರೀಕ್ಷೆ, ಕಾಯಿಲೆ ಇವು ಬರುತ್ತವೆ. ಬರುವುದಿಲ್ಲವೆಂದು ತಿಳಿದು ಗುರಿ ಇಡುವುದೇ ತಪ್ಪು. ಇದಕ್ಕೆ ಮೂರು ಉಪಾಯಗಳಿವೆ.

ಒಂದು, ಕೆಲಸ ಮನೆಯಲ್ಲಿ ಇಬ್ಬರಿಗೆ ತಿಳಿದಿರಲಿ. ಯಜಮಾನರೊಬ್ಬರಿಗೇ ಬೆದೆಯ ಗುರುತು ಗೊತ್ತಿದ್ದರೆ ಅವರು ನೆಂಟರ ಊರಿಗೆ ಹೋದ ದಿನವೇ ಹಸು ಬೆದೆಗೆ ಬರುತ್ತದೆ. ಕೊಟ್ಟಿಗೆಯಲ್ಲಿ ಹೆಚ್ಚು ಹೊತ್ತು ಕಳೆಯುವವರು ಹೆಣ್ಣುಮಕ್ಕಳು. ತರಬೇತಿಗೆ ಅವರನ್ನೂ ಕಳುಹಿಸಿ.

ಎರಡು, ಕಷ್ಟದ ದಿನಕ್ಕೆ ಕೆಲಸದ ಚಿಕ್ಕ ರೂಪವೊಂದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಮೇವು ಕತ್ತರಿಸಲು ಆಗದ ದಿನ ಕತ್ತರಿಸದೆ ಹಾಕಿ, ಆದರೆ ನೀರು ಮತ್ತು ಖನಿಜ ಮಿಶ್ರಣ ತಪ್ಪಿಸಬೇಡಿ. ಪೂರ್ತಿ ಬರೆಯಲು ಆಗದ ದಿನ ಹಾಲಿನ ಅಂಕಿಯನ್ನಾದರೂ ಬರೆಯಿರಿ.

ಮೂರು, ಒಂದು ದಿನ ತಪ್ಪಿದರೆ ಮರುದಿನವೇ ಹಿಡಿಯಿರಿ. ಒಂದು ದಿನ ತಪ್ಪಿದ್ದು ಬರೀ ತಪ್ಪು. ನಾಲ್ಕು ದಿನ ಬಿಟ್ಟರೆ ಬಿಡುವುದೇ ರೂಢಿಯಾಗುತ್ತದೆ. ತಪ್ಪಿದ ದಿನಕ್ಕೆ ಪರಿಹಾರವೆಂದು ಮರುದಿನ ಎರಡರಷ್ಟು ಮಾಡಲೂ ಹೋಗಬೇಡಿ. ನಿನ್ನೆ ಹಾಕದ ಪಶು ಆಹಾರವನ್ನು ಇಂದು ಸೇರಿಸಿ ಹಾಕಿದರೆ ಹಸುವಿಗೆ ಅಜೀರ್ಣವಾಗುತ್ತದೆ. ಮನುಷ್ಯನ ನಿಶ್ಚಯಕ್ಕೂ ಅಜೀರ್ಣ ಹೀಗೆಯೇ ಆಗುವುದು.

ಗುರಿಯನ್ನು ಬದಲಿಸಬೇಕಾದ ಕಾಲ

ಹಿಡಿದದ್ದನ್ನು ಬಿಡಬಾರದೆಂಬುದು ನಿಜ. ಆದರೆ ಹಠ ಬೇರೆ, ಗುರಿ ಬೇರೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದ ರಾಸುಗಳನ್ನು ಕಾಡಿದಾಗ ಹಾಲು ಹೆಚ್ಚಿಸುವ ಮಾತು ಆಡುವಂತಿರಲಿಲ್ಲ. ರಾಸು ಉಳಿಸಿಕೊಳ್ಳುವುದು, ಲಸಿಕೆ ಹಾಕಿಸುವುದು, ನೊಣ ಸೊಳ್ಳೆ ತಡೆಯುವುದು, ಹೊಸ ರಾಸು ತರದಿರುವುದು, ಇದೇ ಆ ವರ್ಷದ ಗುರಿ. ಬರಗಾಲದಲ್ಲಿಯೂ ಹೀಗೆಯೇ. ಗುರಿಯನ್ನು ಚಿಕ್ಕದು ಮಾಡಿಕೊಳ್ಳುವುದು ಸೋಲಲ್ಲ. ಪುಸ್ತಕದಲ್ಲಿ ಕಾರಣ ಬರೆದು, ಹೊಸ ಅಂಕಿ ಬರೆದು ಮುಂದುವರಿಸಿ. ಯಾವ ಕಾರಣವನ್ನೂ ಬರೆಯದೆ ಮೆಲ್ಲಗೆ ಪುಸ್ತಕವನ್ನೇ ಮುಚ್ಚಿಬಿಟ್ಟರೆ ಮಾತ್ರ ಅದು ಸೋಲು.

ಪಕ್ಕದ ಮನೆಯ ಗುರಿ ನಿಮ್ಮದಲ್ಲ

ಪಕ್ಕದವರು ನಾಲ್ಕು ಹಸು ತಂದರೆಂದು ನಾವೂ ತರುವುದು ಇನ್ನೊಬ್ಬರ ಅಳತೆಯ ಅಂಗಿ ತೊಟ್ಟಂತೆ. ಹಸು ತರುವ ಮೊದಲು ಮೇವಿನ ಲೆಕ್ಕ ಮಾಡಿ. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 25 ಕಿಲೋ ಹಸಿ ಮೇವು ಎಂದರೆ ವರ್ಷಕ್ಕೆ 9 ಟನ್ನಿಗೂ ಹೆಚ್ಚು. ನೀರಾವರಿಯಲ್ಲಿ ಚೆನ್ನಾಗಿ ಬೆಳೆದ ಹೈಬ್ರಿಡ್ ನೇಪಿಯರ್ ಗುಂಟೆಗೆ ವರ್ಷಕ್ಕೆ 2 ಟನ್ ಎಂದು ಕಡಿಮೆಯೇ ಹಿಡಿಯೋಣ. ಒಂದು ಹಸುವಿಗೆ ಸುಮಾರು 5 ಗುಂಟೆ ಬೇಕು. ನಿಮ್ಮಲ್ಲಿ ಮೇವಿಗೆ 10 ಗುಂಟೆ ಇದ್ದರೆ ನಿಮ್ಮ ಗುರಿ ಎರಡು ಒಳ್ಳೆಯ ಹಸು, ಐದಲ್ಲ. ಮೂರನೆಯದು ಬೇಕೆನಿಸಿದರೆ ಮೊದಲು ಹುಲ್ಲಿನ ಕಡ್ಡಿ ನೆಡಿ, ಆರು ತಿಂಗಳ ನಂತರ ಹಸು ನೋಡಲು ಹೋಗಿ. 2008ರಲ್ಲಿ ಆ ಯುವಕರಿಗೆ ನಾನು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಭೂಮಿ ಇಲ್ಲದವರಿಗೂ ಗುರಿಗಳಿವೆ. ಹಗಲೂ ರಾತ್ರಿ ಹಸುವಿನ ಮುಂದೆ ಶುದ್ಧ ನೀರಿರುವಂತೆ ನೋಡಿಕೊಳ್ಳುವುದೇ ಒಂದು ಗುರಿ. ಒಂದು ಲೀಟರ್ ಹಾಲಿಗೆ ಹಸುವಿಗೆ ನಾಲ್ಕೈದು ಲೀಟರ್ ನೀರು ಬೇಕು. ಅದರ ಮೈಯ ಅಗತ್ಯ ಬೇರೆ. ದಿನಕ್ಕೆ ಎರಡು ಸಲ ಮಾತ್ರ ನೀರು ತೋರಿಸುವ ಮನೆಯಲ್ಲಿ ಹಸು ಬಾಯಾರಿಯೇ ಹಾಲು ಕೊಡುತ್ತಿರುತ್ತದೆ.

ನಮ್ಮ ಸಹಕಾರ ಚಳವಳಿಯೂ ಸಣ್ಣದಾಗಿಯೇ ಶುರುವಾಯಿತು. 1946ರಲ್ಲಿ ಗುಜರಾತಿನ ಆಣಂದದಲ್ಲಿ ಖೇಡಾ ಜಿಲ್ಲೆಯ ಹಾಲು ಒಕ್ಕೂಟ ಹುಟ್ಟಿದಾಗ ಇದ್ದದ್ದು ಬೆರಳೆಣಿಕೆಯ ಹಳ್ಳಿಗಳು, ದಿನಕ್ಕೆ ಸುಮಾರು 250 ಲೀಟರ್ ಹಾಲು. ಕ್ಷೀರಕ್ರಾಂತಿಯ ಯೋಜನೆ 1970ರಿಂದ 1996ರವರೆಗೆ ಮೂರು ಹಂತಗಳಲ್ಲಿ ನಡೆಯಿತು. 1998ರಲ್ಲಿ ಭಾರತ ಹಾಲು ಉತ್ಪಾದನೆಯಲ್ಲಿ ಪ್ರಪಂಚದಲ್ಲಿ ಮೊದಲನೆಯದಾಯಿತು. ಇಡೀ ದೇಶದ ಗುರಿಯನ್ನೇ ಹಂತ ಹಂತವಾಗಿ ಒಡೆದು ನಡೆಸಿದಾಗ, ನಮ್ಮ ಮನೆಯ ಗುರಿಯನ್ನು ಒಂದೇ ಯುಗಾದಿಗೆ ಮುಗಿಸುವ ಆತುರವೇಕೆ?

ಬಟವಾಡೆಯ ದಿನ ಐದು ನಿಮಿಷ

ಹಾಲಿನ ಹಣ ಬಂದ ದಿನ ಎಲ್ಲರ ಮನಸ್ಸೂ ಲೆಕ್ಕದ ಮೇಲಿರುತ್ತದೆ. ಅಂದು ರಾತ್ರಿ ಮನೆಮಂದಿ ಸೇರಿ ಐದು ನಿಮಿಷ ಪುಸ್ತಕ ತೆರೆಯಿರಿ. ಮೂರೇ ಪ್ರಶ್ನೆ: ಗೊತ್ತುಮಾಡಿದ ಕೆಲಸ ಎಷ್ಟು ದಿನ ನಡೆಯಿತು? ಎಲ್ಲಿ ತಪ್ಪಿತು? ಮುಂದಿನ ಬಟವಾಡೆಯವರೆಗೆ ಏನು ಬದಲಿಸೋಣ? ಯಾರನ್ನೂ ಬೈಯಲು ಈ ಐದು ನಿಮಿಷ ಬಳಸಬೇಡಿ. ಬೈಗುಳ ಸೇರಿದ ಪುಸ್ತಕವನ್ನು ಮಕ್ಕಳು ಎರಡನೆಯ ಸಲ ತೆರೆಯುವುದಿಲ್ಲ.

ನೆನಪಿಡಬೇಕಾದ ಅಂಶಗಳು

1. ಮೊದಲು ಹದಿನೈದು ದಿನ ಇರುವ ಸ್ಥಿತಿ ಬರೆಯಿರಿ, ಆಮೇಲೆ ಗುರಿ ಇಡಿ.
2. ಒಂದು ಕಾಲಕ್ಕೆ ಒಂದೇ ಗುರಿ. ಅದು ರೂಢಿಯಾದ ಮೇಲೆ ಇನ್ನೊಂದು.
3. ಹಸುವಿನ ತಳಿ, ಕರಾವಿನ ಕಾಲ, ನಿಮ್ಮ ಮೇವಿನ ಜಾಗ ನೋಡಿ ಅಂಕಿ ಹಾಕಿ.
4. ತುದಿಯಿಂದ ಬುಡಕ್ಕೆ ಲೆಕ್ಕ ಹಾಕಿ, ನಾಳೆ ಬೆಳಗಿನ ಕೆಲಸಕ್ಕೆ ತಂದು ನಿಲ್ಲಿಸಿ.
5. ಹೊಸ ಕೆಲಸವನ್ನು ಹಳೆಯ ರೂಢಿಗೆ ಕಟ್ಟಿ.
6. ತಪ್ಪಿದರೆ ಮರುದಿನವೇ ಮತ್ತೆ ಹಿಡಿಯಿರಿ.
7. ಬಟವಾಡೆಯ ದಿನ ಪುಸ್ತಕ ನೋಡಿ.

ಕೊನೆಯದಾಗಿ, ಅಂದು ಪ್ರಶ್ನೆ ಕೇಳಿದ ಯಜಮಾನರ ವಿಷಯ. ಕೆಲವು ವರ್ಷಗಳ ನಂತರ ಅವರ ಮನೆಗೆ ಹೋಗಿ, ತಡವಾಯಿತೆಂದು ಒಪ್ಪಿಕೊಂಡು, ಬೆದೆ ನೋಡುವ ಕ್ರಮ ಹೇಳಿ ಕ್ಯಾಲೆಂಡರ್ ಕೊಟ್ಟೆ. ಮೊದಲ ಸುತ್ತಿನ ಬೆದೆ ಅವರ ಕೈ ತಪ್ಪಿತು. “ಹೋಯ್ತಲ್ಲ ಡಾಕ್ಟ್ರೇ” ಎಂದು ಪೇಚಾಡುತ್ತಾರೆಂದು ನಾನು ಕಾದಿದ್ದೆ. ಅವರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು 21 ದಿನ ಎಣಿಸಿ, ಅಲ್ಲಿ ಸುತ್ತು ಹಾಕಿ, “ಮತ್ತೆ ಬತ್ತದೆ ಬಿಡಿ, ಈ ಸಲ ನೋಡ್ಕತೀನಿ” ಎಂದರು. ಎರಡನೆಯ ಸಲ ನೋಡಿಕೊಂಡರು. ಹಸು ನಿಂತಿತು.

ತಪ್ಪಿಹೋದ ಬೆದೆ 21 ದಿನಕ್ಕೆ ಮರಳಿ ಬರುತ್ತದೆ. ನಮ್ಮ ನಿಶ್ಚಯಕ್ಕಾದರೋ ಅಷ್ಟು ದಿನವೂ ಕಾಯಬೇಕಿಲ್ಲ, ನಾಳೆ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆಯುವ ಹೊತ್ತಿಗೇ ಅದು ಮತ್ತೆ ನಮ್ಮ ಕೈಯಲ್ಲಿರುತ್ತದೆ. ಈ ಸಂಚಿಕೆ ಓದಿ ಮುಗಿಸಿದ ಕೂಡಲೇ ನಿಮ್ಮ ಮನೆಯ ಒಂದೇ ಒಂದು ಗುರಿಯನ್ನು, ಅದರ ಪಕ್ಕದಲ್ಲಿ ನಾಳೆ ಬೆಳಗಿನ ಕೆಲಸವನ್ನು ಬರೆದಿಡಿ. ಸಂಶಯವಿದ್ದರೆ ನಿಮ್ಮ ಸಂಘದ ಕಾರ್ಯದರ್ಶಿಗಳ ಮೂಲಕ ತಿಳಿಸಿ. ನಾನು ನಿಮ್ಮ ಊರಿಗೆ ಬಂದಾಗ ಆ ಪುಸ್ತಕವನ್ನೇ ಮೊದಲು ಕೇಳುತ್ತೇನೆ.